ಪರ್ಸು ಸಣ್ಣ, ನಾನು ದಪ್ಪ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಪುಣ್ಯಾತ್ಮ ಉದ್ದದ ಮಾತಷ್ಟೇ ಆಡಿ ಸುಮ್ಮನಾದ. ಅಗಲದ ವಿಷಯ ಎತ್ತಲೇ ಇಲ್ಲ. ನನ್ನ ತಾಪತ್ರಯವೆಲ್ಲ ಇದ್ದದ್ದು ಅಗಲದಲ್ಲೇ. ಪರ್ಸು ಸಣ್ಣದು, ನಾನು ದಪ್ಪ. ಇವೆರಡೂ ಅದಲುಬದಲಾಗಿದ್ದರೆ ಮದುವೆಯ ಗೌನ್ ಕೊಳ್ಳುವುದು ಅರ್ಧ ಗಂಟೆಯ ಕೆಲಸ. ನಿಮಗೆ ಹೇಳಲು ನನ್ನ ಹತ್ತಿರ ಏನೂ ಇರುತ್ತಿರಲಿಲ್ಲ.

ಗೌನ್ ತೊಟ್ಟೇ ಮದುವೆಯಾಗಬೇಕು ಎಂಬುದು ನನ್ನ ಹದಿನಾಲ್ಕನೇ ವಯಸ್ಸಿನ ಆಸೆ. ಆಸೆ ಹಾಗೇ ಉಳಿಯಿತು, ಸೊಂಟ ಉಳಿಯಲಿಲ್ಲ.

ಮೊದಲ ಅಂಗಡಿಗೆ ಅಕ್ಕನನ್ನು ಜೊತೆ ಮಾಡಿಕೊಂಡು ಹೋದೆ. ನನ್ನ ಅಕ್ಕ ಹಿಡಿದ ಕೆಲಸವೆಲ್ಲ ಬಿಗಿ. ಮನೆ ಬದಲಿಸುವಾಗ ಅವಳು ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳು ಆರು ವರ್ಷವಾದರೂ ಬಿಚ್ಚಲಾಗದೆ ಅಟ್ಟದ ಮೇಲೆ ಕೂತಿವೆ. ಒಳಗೆ ಏನಿದೆ ಎಂಬುದು ಈಗ ಅವಳಿಗೂ ಮರೆತುಹೋಗಿದೆ.

ಅಂಗಡಿಯ ಹುಡುಗಿ ನನ್ನನ್ನು ಎಡದಿಂದ ಬಲಕ್ಕೆ ಒಂದು ಸಲ ಓದಿಕೊಂಡಳು. “ಯಾರಿಗೆ ನೋಡ್ತಿದ್ದೀರಾ ಮೇಡಂ?”

“ನನಗೇ.”

“ಓಹ್.” ಆ ಓಹ್‌ನಲ್ಲಿ ಒಂದು ಇಡೀ ಪ್ಯಾರಾ ಇತ್ತು. ಆಮೇಲೆ ಒಂದು ಗೌನ್ ತಂದು ಹ್ಯಾಂಗರ್ ಸಮೇತ ನನ್ನ ಕೈಗಿತ್ತಳು. “ಇದನ್ನ ಹೀಗೆ ಮುಂದೆ ಹಿಡ್ಕೊಂಡು ಕನ್ನಡಿ ನೋಡ್ಕೊಳ್ಳಿ. ಅಂದಾಜು ಸಿಗುತ್ತೆ.”

ಅಂದಾಜು ಸಿಕ್ಕಿತು. ನಡುವೆ ಒಂದು ಗೌನ್, ಅದರ ಎರಡೂ ಬದಿಗೆ ನಾನು.

ಈ ಅಂಗಡಿಗಳ ಒಳಗುಟ್ಟು ನನಗೆ ಗೊತ್ತಾದದ್ದು ಅಲ್ಲೇ. ಒಂದೊಂದು ಮಾದರಿಗೆ ಸಾಮಾನ್ಯವಾಗಿ ಒಂದೇ ಗೌನ್ ಇಟ್ಟಿರುತ್ತಾರೆ, ಅದಕ್ಕೆ ಸ್ಯಾಂಪಲ್ ಎಂದು ಹೆಸರು. ಸಣ್ಣಗಿರುವವಳು ತೊಟ್ಟರೆ ಬೆನ್ನ ಹಿಂದೆ ಕ್ಲಿಪ್ ಹಾಕಿ ಬಿಗಿ ಮಾಡುತ್ತಾರೆ, ಎದುರಿನಿಂದ ನೋಡಿದರೆ ಅಳತೆ ಕೊಟ್ಟು ಹೊಲಿಸಿದಂತೆ ಕಾಣುತ್ತದೆ. ದಪ್ಪಗಿರುವವಳಿಗೆ ಹಾಕಲು ಅಂಥ ಕ್ಲಿಪ್ ಯಾವುದೂ ಇಲ್ಲ. ಅವಳು ಕಣ್ಣು ಮುಚ್ಚಿಕೊಂಡು ಆರ್ಡರ್ ಕೊಡಬೇಕು, ತಿಂಗಳುಗಟ್ಟಲೆ ಕಾಯಬೇಕು, ಎಷ್ಟೋ ಕಡೆ ದೊಡ್ಡ ಸೈಜಿಗೆ ಅಂತಲೇ ಹೆಚ್ಚು ದುಡ್ಡೂ ಕಕ್ಕಬೇಕು. ಹೋಗಲಿ, ರಿಯಾಯಿತಿಗೆ ಕಾಯೋಣವೆಂದರೆ ರಿಯಾಯಿತಿಯಲ್ಲಿ ಮಾರುವುದು ಅದೇ ಸ್ಯಾಂಪಲ್‌ಗಳನ್ನು! ಅಂದರೆ ಬಟ್ಟೆ ಕಮ್ಮಿ ಸಾಕಾಗುವವಳಿಗೇ ಬೆಲೆಯೂ ಕಮ್ಮಿ. ಇದನ್ನು ಅಕ್ಕನಿಗೆ ಹೇಳಿದರೆ “ನಿನಗೆ ಲೆಕ್ಕ ಬರುತ್ತೆ ಅಂತ ಗೊತ್ತಿರಲಿಲ್ಲ ಕಣೇ” ಎಂದಳು.

ಎರಡನೇ ಅಂಗಡಿಯಲ್ಲಿ ಹಟ ಮಾಡಿ ತೊಟ್ಟೇಬಿಟ್ಟೆ. ಗೌನ್ ತಲೆಯ ಮೇಲಿಂದ ಇಳಿಯಿತು, ಭುಜ ದಾಟಿತು, ಎದೆಯ ಹತ್ತಿರ ಬಂದು ನಿಂತಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಎರಡೂ ಕೈ ಆಕಾಶದ ಕಡೆ, ಮುಖ ಬಟ್ಟೆಯೊಳಗೆ. ಹೊರಗೆ ಬಂದೂಕು ಹಿಡಿದವನು ನಿಂತಿದ್ದಾನೆ ಎಂದು ಯಾರಾದರೂ ತಿಳಿಯಬೇಕು, ಹಾಗೆ ಶರಣಾಗಿ ನಿಂತಿದ್ದೆ.

“ಉಸಿರು ಬಿಡು” ಎಂದಳು ಅಕ್ಕ.

“ಬಿಟ್ಟಿದ್ದೀನಿ. ತಗೊಳ್ಳೋಕೆ ಆಗ್ತಿಲ್ಲ.”

ಟ್ರಯಲ್ ರೂಮಿನ ಪರದೆಯಾಚೆಯಿಂದ ಹುಡುಗಿಯ ದನಿ: “ಮೇಡಂ, ಜಿಪ್ ಹತ್ತಿತಾ?” ಜಿಪ್ ಎಲ್ಲಿದೆ ಎಂದು ಹುಡುಕುವ ಸ್ಥಿತಿಯಲ್ಲಿ ನಾವಿಬ್ಬರೂ ಇರಲಿಲ್ಲ. ಅಕ್ಕ ಸ್ಟೂಲು ಹತ್ತಿ, ಅಂಚು ಹಿಡಿದು, ಬಾವಿಯಿಂದ ಕೊಡ ಎಳೆಯುವಂತೆ ಮೂರು ಕಂತಿನಲ್ಲಿ ಎಳೆದಳು. ಗೌನ್ ಹೊರಗೆ ಬಂತು, ಜೊತೆಗೆ ನನ್ನ ಒಂದು ಕಿವಿಯೋಲೆಯೂ ಬಂತು. ಗೌನಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಹರಿದಿದ್ದರೆ ಅದನ್ನೇ ಕೊಳ್ಳಬೇಕಿತ್ತು.

ಮನೆಗೆ ಬಂದು ಆನ್‌ಲೈನ್ ಸೈಜ್ ಚಾರ್ಟ್ ತೆಗೆದು ಕೂತೆ. ಮಾಮೂಲಿ ಬಟ್ಟೆಯಲ್ಲಿ 18 ಆಗುವ ನಾನು ಮದುವೆ ಗೌನಿನ ಚಾರ್ಟ್‌ಗೆ ಕಾಲಿಟ್ಟ ಕೂಡಲೇ 22 ಆದೆ. ಪುಟ ತೆರೆದಷ್ಟು ಹೊತ್ತಿನಲ್ಲಿ ನಾಲ್ಕು ಅಂಕಿ ಊದಿಕೊಳ್ಳುವುದು ನನ್ನಿಂದಲೂ ಸಾಧ್ಯವಿಲ್ಲ. ಈ ಅಂಕಿಗಳನ್ನು ಯಾರು ಮಾಡಿದರು ಎಂದು ಕೆದಕಿದೆ. 1939-40ರಲ್ಲಿ ಅಮೆರಿಕ ಸರ್ಕಾರ ಸುಮಾರು 15,000 ಹೆಂಗಸರನ್ನು ನಿಲ್ಲಿಸಿ, ಒಬ್ಬೊಬ್ಬರನ್ನೂ 59 ಕಡೆ ಅಳೆಸಿತಂತೆ. ಐವತ್ತೊಂಬತ್ತು! ನನಗೆ ಮೂರು ಕಡೆ ಟೇಪು ಸುತ್ತಿದರೇ ಮುಖ ಕೆಂಪಾಗುತ್ತದೆ. ಆ ಅಳತೆಗಳ ಮೇಲೆ 1958ರಲ್ಲಿ ಸೈಜುಗಳಿಗೊಂದು ಮಾನದಂಡ ಬಂತು, 1983ರಲ್ಲಿ ಅದನ್ನು ಕೈಬಿಟ್ಟರು. ಈಗ ಕಂಪನಿಗೊಂದು ಲೆಕ್ಕ. ಒಬ್ಬರ 18 ಇನ್ನೊಬ್ಬರ 22. ಮಧ್ಯೆ ನಾನು ಇದ್ದಲ್ಲೇ ಇದ್ದೇನೆ.

ಈ ನಡುವೆ ಅಗ್ಗದಲ್ಲಿ ಒಂದು ವೈನ್ ಬಣ್ಣದ ಸಂಜೆ ಗೌನ್ ಕಣ್ಣಿಗೆ ಬಿತ್ತು. ಅಳತೆಯೂ ಸರಿ, ಬೆಲೆಯೂ ಸರಿ. ಅಮ್ಮ ಒಪ್ಪಲಿಲ್ಲ, ಗೌನ್ ಅಂದಮೇಲೆ ಬಿಳಿ. ನಾನು ವಿಕ್ಟೋರಿಯಾ ರಾಣಿಯನ್ನು ಸಾಕ್ಷಿಗೆ ಕರೆದೆ. 1840ರ ಫೆಬ್ರವರಿಯಲ್ಲಿ ಅವಳು ಬಿಳಿ ತೊಟ್ಟು ಮದುವೆಯಾದ ಮೇಲೆಯೇ ಈ ಬಿಳಿಯ ಹುಚ್ಚು ಹಬ್ಬಿದ್ದು. ಅದಕ್ಕೆ ಮುಂಚೆ ಅಲ್ಲಿನ ಹೆಣ್ಣುಮಕ್ಕಳು ಇದ್ದುದರಲ್ಲೇ ಒಳ್ಳೆಯ ಬಟ್ಟೆ ಹಾಕಿಕೊಂಡು ಮದುವೆಯಾಗುತ್ತಿದ್ದರು, ಬಣ್ಣ ಯಾವುದಾದರೂ ಆದೀತು. ಅಷ್ಟೇ ಅಲ್ಲ, ಮದುವೆಯ ಲೇಸನ್ನು ರಾಣಿ ಆಮೇಲೂ ಎಷ್ಟೋ ಸಲ ತೊಟ್ಟಿದ್ದಾಳೆ.

“ಲೇಸು ಮಾತ್ರ ಯಾಕೆ? ಗೌನ್?” ಅಮ್ಮ ಕೇಳಿದರು.

ಒಂಬತ್ತು ಮಕ್ಕಳ ತಾಯಿ, ವಯಸ್ಸಾದ ಮೇಲಂತೂ ಚೆನ್ನಾಗಿ ದುಂಡಗಾಗಿದ್ದಳು. ಗೌನ್ ಯಾಕೆ ಹೊರಗೆ ಬರಲಿಲ್ಲ ಎಂಬುದು ನನಗೆ ಹೊಳೆಯಿತು, ಅಮ್ಮನಿಗೆ ಹೇಳಲಿಲ್ಲ. ವೈನ್ ಬಣ್ಣ ಅಲ್ಲಿಗೆ ಬಿದ್ದುಹೋಯಿತು.

ಕೊನೆಗೆ ಸಿಕ್ಕಿದ್ದು ಸೆಕೆಂಡ್ ಹ್ಯಾಂಡ್. ಒಂದೇ ಒಂದು ಸಲ ತೊಟ್ಟ, ದಂತದ ಬಣ್ಣದ, ಹಿಂದೆ ಉದ್ದಕ್ಕೆ ನೆಲ ಗುಡಿಸುವ ಬಾಲವಿದ್ದ ಗೌನ್. ಹೊಸದರ ಕಾಲುಭಾಗ ಬೆಲೆ. ನನಗಿಂತ ಒಂದು ಗೇಣು ಎತ್ತರದವಳು ತೊಟ್ಟದ್ದು, ಆದ್ದರಿಂದ ಉದ್ದ ಬೇಕಾದಷ್ಟು. ಸುತ್ತಳತೆ ಮಾತ್ರ ನಾಲ್ಕಿಂಚು ಕಮ್ಮಿ. ಮಾರಿದವಳು “ಹೊಲಿಗೆ ಬಿಚ್ಚಿದರೆ ಆಯ್ತು” ಎಂದಿದ್ದಳು. ಮಾರುವವರೆಲ್ಲ ಹೇಳುವ ಮಾತು.

ಟೈಲರಮ್ಮ ಗೌನನ್ನು ಒಳಗಡೆ ತಿರುಗಿಸಿ, ಕನ್ನಡಕ ಮೂಗಿನ ತುದಿಗೆ ಇಳಿಸಿ ನೋಡಿದರು. “ಒಳಗೆ ಬಟ್ಟೆ ಬಿಟ್ಟಿರೋದೇ ಇಷ್ಟು. ಎರಡೂ ಪಕ್ಕ ಬಿಚ್ಚಿದ್ರೂ ಎರಡಿಂಚು ಬರಲ್ಲ. ದೊಡ್ಡದನ್ನ ಸಣ್ಣದು ಮಾಡೋಕೆ ಎಲ್ಲರಿಗೂ ಬರುತ್ತಮ್ಮ. ಸಣ್ಣದನ್ನ ದೊಡ್ಡದು ಮಾಡೋಕೆ ಬಟ್ಟೆ ಎಲ್ಲಿಂದ ತರ್ತೀರಾ?”

ನಾನು ತಲೆ ತಗ್ಗಿಸಿದೆ. ತಗ್ಗಿಸಿದಾಗ ನೆಲದ ಮೇಲೆ ಬಿದ್ದಿದ್ದ ಬಾಲ ಕಂಡಿತು. ಟೈಲರಮ್ಮನೂ ಅದನ್ನೇ ನೋಡುತ್ತಿದ್ದರು.

ಮುಂದಿನ ಹದಿನೈದು ದಿನದಲ್ಲಿ ಆ ಬಾಲ ಬಗಲಿಗೆ ಬಂತು. ಕಂಕುಳಿಂದ ಸೊಂಟದವರೆಗೆ ಎರಡೂ ಕಡೆ ಅದರದೇ ಪಟ್ಟಿ, ಸಂದು ಕಾಣದಂತೆ ಮೇಲೊಂದು ಲೇಸು. ಕಾಲ ಬುಡದಲ್ಲಿ ಕತ್ತರಿಸಿದ ಬಟ್ಟೆಯಿಂದ ಬೆನ್ನಿಗೊಂದು ಹಲಗೆಯಂಥ ಮುಚ್ಚಿಕೆ. ಜಿಪ್ ಕಿತ್ತು, ಆ ಜಾಗದಲ್ಲಿ ಎರಡು ಸಾಲು ಕುಣಿಕೆ ಇಟ್ಟು, ಶೂ ಲೇಸಿನಂತೆ ಅಡ್ಡಡ್ಡ ದಾರ ಪೋಣಿಸಿದರು. ಜಿಪ್‌ಗೆ ಒಂದೇ ಅಳತೆ, ದಾರವಾದರೆ ಮದುವೆಯ ದಿನ ನಾನು ಇದ್ದಷ್ಟಕ್ಕೆ ಹೊಂದಿಕೊಳ್ಳುತ್ತದೆ. ಎತ್ತರದಲ್ಲಿ ನನಗೆ ಬೇಡವಾದದ್ದೆಲ್ಲ ಹೀಗೆ ಅಗಲಕ್ಕೆ ಸಂದಾಯವಾಯಿತು.

ಕೊನೆಯ ಫಿಟ್ಟಿಂಗ್‌ನಲ್ಲಿ ಟೈಲರಮ್ಮ ಡ್ರಿಲ್ ಮಾಸ್ತರರಾದರು. ಕೂರಿ. ಏಳಿ. ಕೈ ಎತ್ತಿ. ಬಗ್ಗಿ. ಜೋರಾಗಿ ನಗಿ. “ಎಲ್ಲ ಹುಡುಗೀರೂ ನಿಂತ್ಕೊಂಡು ಕನ್ನಡಿ ನೋಡ್ತಾರೆ. ಮದುವೆ ದಿನ ಪೂರ್ತಿ ನಿಂತೇ ಇರ್ತೀರಾ?” ನಾನು ಕೂತೆ, ಬಗ್ಗಿದೆ, ನಕ್ಕೆ. ಒಂದು ಎಳೆಯೂ ಚಟ್ ಅನ್ನಲಿಲ್ಲ. ಅಕ್ಕ ಕಣ್ಣೊರೆಸಿಕೊಂಡಳು. ಖರ್ಚಿನ ಚೀಟಿ ನೋಡಿ ನಾನೂ ಕಣ್ಣೊರೆಸಿಕೊಂಡೆ. ಹೊಲಿಗೆ ಕೂಲಿ ಗೌನಿನ ಬೆಲೆಯನ್ನು ದಾಟಿತ್ತು. ಆದರೂ ಎರಡನ್ನೂ ಕೂಡಿಸಿದರೆ ಹೊಸದರ ಬೆಲೆ ಮುಟ್ಟಿರಲಿಲ್ಲ.

ಮದುವೆಯ ದಿನದ ಬಗ್ಗೆ ಹೇಳುವಂಥದ್ದೇನಿಲ್ಲ, ಎಲ್ಲ ಸರಿಯಾಯಿತು. ಯಾರೋ “ಪಕ್ಕದ ಲೇಸು ಎಷ್ಟು ಚೆಂದ, ಡಿಸೈನರ್ ಯಾರು?” ಎಂದು ಕೇಳಿದರು. ಬಾಲ ಎಂದು ಹೇಳಲಾಗದೆ ಸುಮ್ಮನೆ ನಕ್ಕೆ.

ಸರಿಯಾಗದೇ ಇದ್ದದ್ದು ರಾತ್ರಿ. ಎಲ್ಲರೂ ಅವರವರ ಮನೆ ಸೇರಿದ್ದರು. ನನ್ನ ಗಂಡ ಬೆನ್ನ ಹಿಂದೆ ಮೊಣಕಾಲೂರಿ, ಬಾಯಲ್ಲಿ ಮೊಬೈಲ್ ಕಚ್ಚಿಕೊಂಡು, ಟಾರ್ಚಿನ ಬೆಳಕಿನಲ್ಲಿ ಇಪ್ಪತ್ತು ನಿಮಿಷದಿಂದ ಒಂದು ಗಂಟಿನ ಜೊತೆ ಮಾತಿಲ್ಲದೆ ಹೋರಾಡುತ್ತಿದ್ದರು. ಕೊನೆಗೆ ಮೊಬೈಲ್ ತೆಗೆದು ಕೇಳಿದರು:

“ಇದನ್ನ ಕಟ್ಟಿದ್ದು ಯಾರು?”

“ಅಕ್ಕ.”

ಅವರಿಗೆ ಅಟ್ಟದ ಮೇಲಿನ ಪೆಟ್ಟಿಗೆಗಳ ವಿಷಯ ಗೊತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು ವಿಡಿಯೊ ಕಾಲ್ ಮಾಡಿದರು. ತೂಕಡಿಸುತ್ತಿದ್ದ ಅಕ್ಕ ಪರದೆಯ ತುಂಬ ಮುಖ ತಂದು ಗಂಟನ್ನು ಹತ್ತಿರದಿಂದ ನೋಡಿದಳು.

“ಅಯ್ಯೋ, ಎಷ್ಟು ಗಟ್ಟಿಯಾಗಿ ಕೂತಿದೆ ನೋಡಿ!” ಎಂದು ತಾನೇ ಮೆಚ್ಚಿಕೊಂಡಳು.