ಅರ್ಥವಾಗದ ಮತಪತ್ರ ಕೈಗೆ ಕೊಟ್ಟರೆ ಏನು ಪ್ರಯೋಜನ?

"ಆ ದೇಶದ ಪೌರರಾದ ಮೇಲೆ ಅಲ್ಲಿನ ಭಾಷೆ ಕಲೀಬೇಕಪ್ಪ, ಮತಪತ್ರ ಬೇರೆ ಭಾಷೆಯಲ್ಲಿ ಯಾಕೆ?" ಅಮೆರಿಕದ ಚುನಾವಣೆ ಮಾತು ಬಂದಾಗಲೆಲ್ಲ ಇದನ್ನು ಕೇಳುತ್ತೇನೆ. ನನಗೆ ಸುತಾರಾಂ ಒಪ್ಪಿಗೆಯಿಲ್ಲ.

ಅಲ್ಲಿ ಮತ ಹಾಕುವುದೆಂದರೆ ಚಿಹ್ನೆ ನೋಡಿ ಗುಂಡಿ ಒತ್ತಿ ಬರುವುದಲ್ಲ. ಅಧ್ಯಕ್ಷರಿಂದ ಶಾಲಾ ಮಂಡಳಿಯವರೆಗೆ ಹೆಸರುಗಳು ಒಂದೇ ಮತಪತ್ರದಲ್ಲಿ ಬರುತ್ತವೆ. ಕ್ಯಾಲಿಫೋರ್ನಿಯಾದಂಥ ಕಡೆ ತೆರಿಗೆ, ಸರ್ಕಾರದ ಸಾಲ, ಹೊಸ ಕಾನೂನು ಎಲ್ಲದಕ್ಕೂ ಮತದಾರರೇ ಹೌದು ಅಥವಾ ಇಲ್ಲ ಹೇಳಬೇಕು. ಶಾಸನಸಭೆ ಮಾಡಿದ ಕಾನೂನು ಬೇಡ ಅಂತ ಜನಮತಕ್ಕೆ ತಂದಿದ್ದರೆ, 'ಹೌದು' ಅಂದರೆ ಆ ಕಾನೂನು ಉಳಿಯುತ್ತದೆ, 'ಇಲ್ಲ' ಅಂದರೆ ಹೋಗುತ್ತದೆ. ಇಂಗ್ಲಿಷ್ ಚೆನ್ನಾಗಿ ಬರುವವರೇ ಎರಡು ಸಲ ಓದಬೇಕು. ಕೆಲಸದ ಜಾಗದಲ್ಲಿ ನಾಲ್ಕು ಮಾತಾಡಿ ನಿಭಾಯಿಸುವುದು ಬೇರೆ, ವಕೀಲರ ವಾಕ್ಯ ಬಿಡಿಸುವುದು ಬೇರೆ, ಅಲ್ವಾ?

ಇಂಗ್ಲಿಷ್ ಬಾರದೆ ಪೌರತ್ವ ಹೇಗೆ ಸಿಕ್ಕಿತು ಅಂತ ಕೇಳುವವರಿದ್ದಾರೆ. ಅಮೆರಿಕದ ಆಡಳಿತದಲ್ಲಿರುವ ಪೋರ್ಟೊ ರಿಕೊ ದ್ವೀಪದ ಸ್ಪ್ಯಾನಿಷ್ ಮಾತಾಡುವ ಜನ 1917ರಿಂದ ಅಮೆರಿಕದ ಪೌರರು. ಮೂಲನಿವಾಸಿಗಳಾದ ನವಾಹೋ ಜನರಂತೂ ಎಲ್ಲಿಂದಲೂ ವಲಸೆ ಬಂದವರಲ್ಲ, ಅದು ಅವರದೇ ನೆಲ. ಇನ್ನು 50 ವರ್ಷ ದಾಟಿ, ಗ್ರೀನ್ ಕಾರ್ಡ್ ಮೇಲೆ 20 ವರ್ಷ ಅಲ್ಲೇ ಬಾಳಿದವರಿಗೆ ಪೌರತ್ವಕ್ಕೆ ಇಂಗ್ಲಿಷ್ ಪರೀಕ್ಷೆಯನ್ನು ಕಾನೂನೇ ಬಿಟ್ಟುಕೊಟ್ಟಿದೆ. ಇವರಿಗೆಲ್ಲ ಮತಗಟ್ಟೆಯಲ್ಲಿ ಮತ್ತೆ ಪರೀಕ್ಷೆ ಯಾಕೆ?

1965ರ ಮತದಾನ ಹಕ್ಕು ಕಾಯ್ದೆಗೆ 1975ರಲ್ಲಿ ಭಾಷೆಯ ರಕ್ಷಣೆ ಸೇರಿತು. ಈಗ ಒಂದು ಕೌಂಟಿಯಲ್ಲಿ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕದಲ್ಲಿ, ಇಂಗ್ಲಿಷ್ ಸರಿಯಾಗಿ ಬಾರದ, ಒಂದೇ ಭಾಷೆಯ ಮತದಾರ ವಯಸ್ಸಿನ ಪೌರರು 10,000 ದಾಟಿದರೆ, ಇಲ್ಲವೇ ಶೇ. 5 ಮೀರಿದರೆ, ಆ ಭಾಷೆಯಲ್ಲೂ ಮತಪತ್ರ ಕೊಡಬೇಕೇ ಎಂಬ ಲೆಕ್ಕ ಶುರುವಾಗುತ್ತದೆ. ಆದರೆ ಸ್ಪ್ಯಾನಿಷ್, ಏಷ್ಯಾದ ಭಾಷೆಗಳು ಮತ್ತು ಮೂಲನಿವಾಸಿಗಳ ಭಾಷೆಗಳಿಗೆ ಮಾತ್ರ. ಹೈಟಿ ದೇಶದಿಂದ ಬಂದವರ ಕ್ರಿಯೋಲ್ ಭಾಷೆಯನ್ನು ಎಷ್ಟೇ ಜನ ಮಾತಾಡಲಿ, ಅದು ಈ ರಕ್ಷಣೆಯೊಳಗೆ ಬರುವುದಿಲ್ಲ. ಇದು ನನಗೆ ಅನ್ಯಾಯವೆನಿಸುತ್ತದೆ.

ಖರ್ಚು ಜಾಸ್ತಿ ಅನ್ನುವವರಿಗೆ ನನ್ನ ಉತ್ತರ ಚಿಕ್ಕದು. ಚುನಾವಣೆಯೇ ಖರ್ಚಿನ ಕೆಲಸ.

ನನ್ನನ್ನು ಕಾಡುವುದು ಕೆಟ್ಟ ಅನುವಾದ. 2000ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನ ಕೆಲವು ಮತಗಟ್ಟೆಗಳಲ್ಲಿ ಚೀನಿ ಭಾಷೆಯ ಮತಪತ್ರದಲ್ಲಿ ಡೆಮಾಕ್ರಟಿಕ್, ರಿಪಬ್ಲಿಕನ್ ಪಕ್ಷಗಳ ಹೆಸರುಗಳೇ ಅದಲುಬದಲಾಗಿದ್ದವು. ಸುಮ್ನೆ ಭಾಷೆ ಸೇರಿಸಿ ಕೈತೊಳೆದುಕೊಂಡರೆ ಹೀಗೇ ಆಗುವುದು. ಅಚ್ಚಿಗೆ ಹೋಗುವ ಮೊದಲು ಆ ಭಾಷೆಯವರೇ ಕೂತು ಓದಬೇಕು. ಬರಹಕ್ಕಿಂತ ಮಾತಿನಲ್ಲೇ ಬದುಕಿಬಂದ ನವಾಹೋದಂಥ ಭಾಷೆಗಳಿಗೆ ಬಾಯಿಮಾತಿನಲ್ಲಿ ವಿವರಿಸುವವರು ಬೇಕು. ಅವರಿಗೂ ಚುನಾವಣೆಗೆ ಮೊದಲೇ ತರಬೇತಿ ಸಿಗಬೇಕು, ಮತದಾನದ ಬೆಳಿಗ್ಗೆ ಕೈಗೆ ಸಿಕ್ಕವರನ್ನು ತಂದು ನಿಲ್ಲಿಸಬಾರದು.