ಮಂಜರಾಬಾದ್ ಕೋಟೆ ಮತ್ತು ಅಣ್ಣನ ತೋಟ

ಸಕಲೇಶಪುರದ ಮಂಜರಾಬಾದ್ ಕೋಟೆಯ ಮದ್ದಿನ ಮನೆ ಏಪ್ರಿಲ್ ಬಿಸಿಲಲ್ಲೂ ತಣ್ಣಗಿರುತ್ತದೆ. ಈ ಸಲ ಊರಿಗೆ ಹೋದಾಗ ದೊಡ್ಡಪ್ಪನ ಮಗನ ಜೊತೆ ಒಳಗೆ ಇಳಿದಿದ್ದೆ. ಮೊಳೆಯಲ್ಲಿ ಗೀಚಿದ ಪ್ರೇಮಿಗಳ ಹೆಸರು ಹೋದ ಸಲಕ್ಕಿಂತ ಜಾಸ್ತಿಯಾಗಿದ್ದವು. ಪಕ್ಕದ ಕೊಳದ ಮೆಟ್ಟಿಲ ಮೇಲೆ ಎರಡು ಚಿಪ್ಸ್ ಪೊಟ್ಟಣ. ಇದಕ್ಕೆ ನನಗೆ ಅಷ್ಟು ಬೇಜಾರಿಲ್ಲ. ಒಬ್ಬ ಕಾವಲುಗಾರ, ಒಂದು ಪೊರಕೆ ಸಾಕು. ಬೇಜಾರಾಗುವುದು ಮೇಲೆ ಬಂದು ಗೋಡೆಯಾಚೆ ನೋಡಿದಾಗ.

1792ರಲ್ಲಿ ಟಿಪ್ಪು ಇದನ್ನು ಎಂಟು ಮೂಲೆಯ ನಕ್ಷತ್ರದ ಹಾಗೆ ಕಟ್ಟಿಸಿದ್ದು ಚೆಂದಕ್ಕಲ್ಲ. ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬರುವವರ ಮೇಲೆ ಕಣ್ಣಿಡಲು. ಅಂದಮೇಲೆ ಗುಡ್ಡ, ಕಣಿವೆ, ದಾರಿ ಎಲ್ಲ ಸೇರಿಯೇ ಕೋಟೆ ಅಲ್ವಾ? ಈಗ ಹೆದ್ದಾರಿ ಅಗಲ ಮಾಡಲು ಆ ಗುಡ್ಡಗಳನ್ನೇ ಕಡಿದಿದ್ದಾರೆ. ದೋಣಿಗಾಲ್‌ನಲ್ಲಿ ರಸ್ತೆ ಕುಸಿದ ಸುದ್ದಿ ಇಂಗ್ಲೆಂಡಿನಲ್ಲಿರುವ ನನ್ನ ಫೋನಿಗೂ ಬರುತ್ತದೆ.

ನಾನಿರುವ ಊರಿನ ಹತ್ತಿರ ಕಾರ್ಫ್ ಕೋಟೆಯಿದೆ. 1646ರಲ್ಲಿ ಮದ್ದಿಟ್ಟು ಒಡೆದದ್ದು. ಹೆಬ್ಬಾಗಿಲಿನ ಗೋಪುರ ಅವತ್ತು ಜಾರಿದ್ದು ಇವತ್ತಿಗೂ ಹಾಗೇ ನಿಂತಿದೆ, ನೆಟ್ಟಗೆ ಮಾಡಲು ಯಾರೂ ಹೋಗಿಲ್ಲ. 1981ರಲ್ಲಿ ತೀರಿಕೊಂಡ ಅದರ ಮನೆತನದ ಕೊನೆಯ ಒಡೆಯ ಕೋಟೆಯನ್ನು, ಜೊತೆಗೆ ಸಾವಿರಾರು ಎಕರೆ ಜಮೀನನ್ನು ಹಳೆಯ ಜಾಗಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಅನ್ನೋ ಸಂಸ್ಥೆಗೆ ಉಯಿಲಿನಲ್ಲಿ ಬರೆದುಕೊಟ್ಟ. ಆ ಹೊಲಗಳಲ್ಲಿ ರೈತರು ಗೇಣಿಗೆ ಬೇಸಾಯ ಮಾಡುತ್ತಾರೆ. ಹೀಗೆ ಬಂದ ಜಮೀನನ್ನು ಮಾರುವಂತಿಲ್ಲ ಎಂದು ಟ್ರಸ್ಟ್ ಒಮ್ಮೆ ಘೋಷಿಸಿದರೆ ಮುಗೀತು, ಅದನ್ನು ಮತ್ತೆ ಯಾರೂ ಮಾರಲಾರರು. ಆದರೆ ಟಿಕೆಟ್ ಮಾತ್ರ ದುಬಾರಿ. ನಮ್ಮಮ್ಮ ರೂಪಾಯಿಗೆ ಲೆಕ್ಕ ಹಾಕಿ, 'ಹೊರಗಿಂದಾನೇ ಚೆನ್ನಾಗಿ ಕಾಣ್ತದೆ ಬಿಡು' ಅಂದರು.

ತಮಾಷೆ ನೋಡಿ, ನಮಗೆ 1904ರ ಸ್ಮಾರಕ ಕಾಯ್ದೆ ತಂದ ಬ್ರಿಟಿಷ್ ವೈಸ್‌ರಾಯ್ ಕರ್ಜನ್ ತನ್ನ ದೇಶಕ್ಕೆ ಮರಳಿದ ಮೇಲೆ ಬೋಡಿಯಂ ಕೋಟೆಯನ್ನು ದುಡ್ಡು ಕೊಟ್ಟು ಕೊಂಡ. ರಿಪೇರಿ ಮಾಡಿಸಿ, 1925ರಲ್ಲಿ ಸಾಯುವಾಗ ಅದೇ ಟ್ರಸ್ಟಿಗೆ ಬಿಟ್ಟುಹೋದ. ಅಲ್ಲಿ ತನ್ನ ಜೇಬಿಗೆ ಕೈಹಾಕಿದ, ಇಲ್ಲಿ ಕಾಯ್ದೆ ಕೊಟ್ಟ. ನಾವು ಇನ್ನೂ ಕಾಯ್ದೆಯಲ್ಲೇ ಇದ್ದೇವೆ. ಕೇಂದ್ರದ ಪಟ್ಟಿಯಲ್ಲಿರುವ ಸ್ಮಾರಕವಾದರೆ ಸುತ್ತ 100 ಮೀಟರ್ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆ 200 ಮೀಟರ್‌ಗೆ ಅಪ್ಪಣೆ ಬೇಕು. ಕಾಯ್ದೆ ಸುಮ್ನೆ 'ಬೇಡ' ಅನ್ನುತ್ತದೆ ಅಷ್ಟೆ. ನಷ್ಟ ಪಕ್ಕದ ಜಮೀನಿನವನದ್ದು. ಅವನು ಕೋಟೆಯನ್ನು ಶನಿ ಅಂತ ನೋಡಿದರೆ ತಪ್ಪೇನು?

ಕಣಿವೆಯಲ್ಲಿ ಅಣ್ಣನ ನಾಲ್ಕು ಎಕರೆ ಕಾಫಿ ತೋಟವಿದೆ. ಅಂಚಿನ ಮರ ಕಡಿಸಿ ಹೋಂಸ್ಟೇ ಕಟ್ಟುವ ಲೆಕ್ಕಾಚಾರ. 'ಮರ ತೆಗೆದ್ರೆ ಕೋಟೆ ವ್ಯೂ ಸಿಗ್ತದೆ ಕಣೋ' ಅಂದ. ನಾನು ಕಾರ್ಫ್ ಪುರಾಣ ಶುರು ಮಾಡಿದೆ. ಮರ ಉಳಿಸಿ, ಕಟ್ಟದೆ ಬಿಟ್ಟ ಜಮೀನಿಗೆ ವರ್ಷಕ್ಕಿಷ್ಟು ಅಂತ ಸರ್ಕಾರವೋ ಟ್ರಸ್ಟೋ ಬಾಡಿಗೆ ಕೊಡಬೇಕು, ಒಪ್ಪಿದವರಿಂದ ಕೊಂಡುಕೊಳ್ಳಲೂಬೇಕು ಅಂದೆ. ಅಣ್ಣ ಪೂರ್ತಿ ಕೇಳಿಸಿಕೊಂಡ.

'ಎಕರೆಗೆ ಎಷ್ಟು ಅಂತ ಹೇಳಪ್ಪ ಮೊದ್ಲು. ಮರ ಕಡಿಯೋರಿಗೆ ಸೋಮವಾರ ಬನ್ನಿ ಅಂದಿದೀನಿ.'