ಶಲ್ಯನಿಗೆ ತಿಂಗಳ ಸಂಬಳ

ಕಾರು ತಾನೇ ಓಡುತ್ತದೆ ಎಂದು ಹೆಸರಲ್ಲೇ ಹೇಳುವ ತನ್ನ ‘ಫುಲ್ ಸೆಲ್ಫ್ ಡ್ರೈವಿಂಗ್’ ಸೌಲಭ್ಯವನ್ನು ಟೆಸ್ಲಾ ಕಂಪನಿ ಇನ್ನು ಮಾರುವುದಿಲ್ಲವಂತೆ, ತಿಂಗಳ ಬಾಡಿಗೆಗೆ ಮಾತ್ರ ಕೊಡುವುದಂತೆ. ಮಾರಾಟದ ಕೊನೆಯ ದಿನ 2026ರ ಫೆಬ್ರುವರಿ 14 ಎಂದು ಎಲಾನ್ ಮಸ್ಕ್ ಜನವರಿಯಲ್ಲೇ ಸಾರಿದ್ದರು. ದಿನಾಂಕದ ಆಯ್ಕೆಯಲ್ಲಿ ಯಾವ ಕುಹಕವೂ ಇರಲಿಲ್ಲ ಎಂದೇ ನಂಬೋಣ. ಪ್ರೇಮಿಗಳ ದಿನದಂದು ಶಾಶ್ವತ ಸಂಬಂಧವನ್ನು ತಿಂಗಳ ಒಪ್ಪಂದಕ್ಕೆ ಇಳಿಸುವುದಕ್ಕೂ ಒಂದು ಎದೆಗಾರಿಕೆ ಬೇಕು.

ಮೊದಲು ಕೊಂಡವರ ಕಥೆ ನಿಮಗೆ ಗೊತ್ತೇ ಇದೆ. ಇನ್ನು ತಯಾರಾಗುವ ಪ್ರತಿ ಕಾರಿನಲ್ಲೂ ತಾನೇ ಓಡಲು ಬೇಕಾದ ಸಕಲ ಯಂತ್ರಾಂಗಗಳೂ ಇವೆ ಎಂದದ್ದು 2016ರ ಅಕ್ಟೋಬರ್‌ನಲ್ಲಿ. 2017 ಮುಗಿಯುವುದರೊಳಗೆ ಲಾಸ್ ಏಂಜಲೀಸ್‌ನಿಂದ ನ್ಯೂಯಾರ್ಕ್‌ವರೆಗೆ ಸ್ಟೀರಿಂಗ್ ಮುಟ್ಟದೆ ಹೋಗಿ ತೋರಿಸುತ್ತೇವೆ ಎಂದರು. ತೋರಿಸಲಿಲ್ಲ. ಮುಂದಿನ ವರ್ಷ ಹತ್ತು ಲಕ್ಷ ರೋಬೋ ಟ್ಯಾಕ್ಸಿಗಳು ರಸ್ತೆಯಲ್ಲಿರುತ್ತವೆ, ನೀವು ಮಲಗಿರುವಾಗ ನಿಮ್ಮ ಕಾರು ದುಡಿದು ತರುತ್ತದೆ ಎಂದು 2019ರಲ್ಲಿ ಹೇಳಿದರು. ದುಡಿದು ತಂದವರು ಮಾಲೀಕರೇ. ಈ ನಡುವೆ ಯಾರ ನೆರವೂ ಇಲ್ಲದೆ ಓಡಿದ್ದು ಬೆಲೆಯೊಂದೇ: 2020ರಲ್ಲಿ 10,000 ಡಾಲರ್, 2022ರ ಜನವರಿಯಲ್ಲಿ 12,000, ಅದೇ ಸೆಪ್ಟೆಂಬರ್‌ನಲ್ಲಿ 15,000. ಆಮೇಲೆ ರಿವರ್ಸ್ ಗೇರ್ ಹಾಕಿ 2024ರಲ್ಲಿ 8,000ಕ್ಕೆ ಬಂದು ನಿಂತಿತು. 2025ರ ಜನವರಿಯಲ್ಲಿ ಮತ್ತೊಂದು ಶುಭಸುದ್ದಿ ಬಂತು. ಹಣ ಕೊಟ್ಟವರ ಹಳೆಯ ಕಾರುಗಳಲ್ಲಿರುವ ಕಂಪ್ಯೂಟರ್ ಸಾಲದು, ಬದಲಿಸಲೇಬೇಕಾಗುತ್ತದೆ ಎಂದು ಮಸ್ಕ್ ಒಪ್ಪಿಕೊಂಡರು. ಸಕಲ ಯಂತ್ರಾಂಗಗಳೂ ಇದ್ದವು, ಮಿದುಳೊಂದು ಚಿಕ್ಕದಾಯಿತು. ಕೊಟ್ಟವನು ಕೋಡಂಗಿ, ಇಸಿದುಕೊಂಡವನು ಈರಭದ್ರ.

ಒಬ್ಬರನ್ನೇ ದೂರುವುದು ಅನ್ಯಾಯ. ಫೋಕ್ಸ್‌ವ್ಯಾಗನ್ ಕಂಪನಿ ಬ್ರಿಟನ್ನಿನಲ್ಲಿ ಐಡಿ.3 ಎಂಬ ವಿದ್ಯುತ್ ಕಾರನ್ನು ಮಾರುತ್ತದೆ. ಅದರ ಮೋಟಾರಿನಲ್ಲಿ ಮೊದಲಿನಿಂದಲೂ ಇರುವ ಇನ್ನಷ್ಟು ಅಶ್ವಶಕ್ತಿಯನ್ನು ಬಿಡುಗಡೆ ಮಾಡಿಸಿಕೊಳ್ಳಬೇಕಾದರೆ ತಿಂಗಳಿಗೆ 16.50 ಪೌಂಡ್ ಕಟ್ಟಬೇಕು. ಕುದುರೆಗಳು ನಿಮ್ಮ ಲಾಯದಲ್ಲೇ ಇವೆ, ಬೀಗದ ಕೈ ಮಾತ್ರ ಅವರ ಬಳಿ. ಸೀಟು ಬೆಚ್ಚಗಾಗಲು ಬಾಡಿಗೆ ಕೇಳಿದ್ದ ಬಿಎಂಡಬ್ಲ್ಯು, ಜನ ಉಗಿದ ಮೇಲೆ 2023ರಲ್ಲಿ ಆ ಯೋಜನೆಯನ್ನು ಕೈಬಿಟ್ಟಿತು. ಜನ ತಮ್ಮ ಹಿಂಭಾಗದ ವಿಷಯದಲ್ಲಿ ಬಹಳ ಹುಷಾರು. ತಲೆಯ ವಿಷಯದಲ್ಲಿ ಅಷ್ಟಿಲ್ಲ.

ಹಾಗೆ ನೋಡಿದರೆ ಚಾಲಕನಿಗೆ ನೆರವಾಗುವ ಈ ಸೌಲಭ್ಯಗಳಿಗೂ ಕಾರು ಬ್ಯಾಟರಿಯಿಂದ ಓಡುವುದಕ್ಕೂ ನೇರ ಸಂಬಂಧವೇನೂ ಇಲ್ಲ. ಕ್ಯಾಮೆರಾ ಪೆಟ್ರೋಲ್ ಕಾರಿನ ಗಾಜಿನ ಹಿಂದೆಯೂ ಕೂರುತ್ತದೆ. ಆದರೆ ವಿದ್ಯುತ್ ಕಾರು ಮಾರುವವನ ಕಷ್ಟ ನೋಡಿ. ಗುಡುಗುವ ಎಂಜಿನ್ ಇಲ್ಲ, ಹೊಗಳಲು ಗೇರುಗಳಿಲ್ಲ, ಎಲ್ಲ ಕಂಪನಿಯ ಕಾರುಗಳೂ ಒಂದೇ ರೀತಿ ಸದ್ದಿಲ್ಲದೆ ಜಾರಿ ಹೋಗುತ್ತವೆ. ಆದ್ದರಿಂದ ಆತ ಬುದ್ಧಿಯನ್ನು ಮಾರುತ್ತಾನೆ. ಬುದ್ಧಿಗೆ ತೂಕವಿಲ್ಲ, ಸಾಗಣೆಯ ವೆಚ್ಚವಿಲ್ಲ, ಕೊಟ್ಟ ಮೇಲೂ ದೂರದಿಂದಲೇ ವಾಪಸು ಪಡೆಯಬಹುದು.

ಈಗ ನಾವು ಕೊಳ್ಳುವುದೇನು ಎಂದು ನೋಡೋಣ. ಯಾಂತ್ರಿಕ ಚಾಲನೆಗೆ ಎಂಜಿನಿಯರುಗಳು, ಎಲ್ಲವನ್ನೂ ಮನುಷ್ಯನೇ ಮಾಡುವ ಸೊನ್ನೆಯಿಂದ ಎಲ್ಲವನ್ನೂ ಯಂತ್ರವೇ ಮಾಡುವ ಐದರವರೆಗೆ, ಮೆಟ್ಟಿಲು ಕಟ್ಟಿದ್ದಾರೆ. ಮಾರುಕಟ್ಟೆಯಲ್ಲಿರುವ ಹೆಚ್ಚುಕಡಿಮೆ ಎಲ್ಲವೂ ಎರಡನೆಯ ಮೆಟ್ಟಿಲಿನ ಮೇಲೆ, ಐದನೆಯದರ ಉಡುಪು ತೊಟ್ಟು ನಿಂತಿವೆ. ಎರಡನೆಯ ಮೆಟ್ಟಿಲೆಂದರೆ ಸ್ಟೀರಿಂಗ್ ತಿರುಗಿಸುವುದು ಯಂತ್ರ, ವೇಗ ನೋಡಿಕೊಳ್ಳುವುದು ಯಂತ್ರ, ಸಿಕ್ಕಿಬೀಳುವುದು ನೀವು. ಮೊದಲು ನೀವು ಕಾರು ಓಡಿಸುತ್ತಿದ್ದಿರಿ. ಈಗ ಓಡಿಸುವವನನ್ನು ಕಾಯುತ್ತೀರಿ, ಅದಕ್ಕೆ ನೀವೇ ಹಣ ಕೊಡುತ್ತೀರಿ. ಲೋಕದಲ್ಲಿ ಕಾವಲುಗಾರನೇ ಸಂಬಳ ಕೊಡುವ ಉದ್ಯೋಗ ಇದೊಂದೇ ಇರಬೇಕು.

ಕಾಯುವುದಾದರೂ ಯಾರನ್ನು? 2021ರಲ್ಲಿ ಒಂದು ವಿಡಿಯೊ ಹರಿದಾಡಿತ್ತು: ದಿಗಂತದಲ್ಲಿ ಹಳದಿ ಚಂದ್ರ ಮೂಡಿದ್ದಾನೆ, ಕಾರು ಅವನನ್ನು ಹಳದಿ ಸಿಗ್ನಲ್ ಎಂದು ಭ್ರಮಿಸಿ ಮತ್ತೆ ಮತ್ತೆ ವೇಗ ತಗ್ಗಿಸುತ್ತಿದೆ. ಹುಣ್ಣಿಮೆಯಂದು ನಿಧಾನವಾಗುವ ಈ ಗುಣವನ್ನು ಕವಿಸಹಜ ಎಂದು ಮನ್ನಿಸಬಹುದು. ಇನ್ನೊಂದು ವಿಡಿಯೊದಲ್ಲಿ ಮುಂದೆ ಹೋಗುತ್ತಿದ್ದ ಲಾರಿಯ ತುಂಬ ಹೊಸ ಸಿಗ್ನಲ್ ದೀಪಗಳಿದ್ದವು. ಕಾರಿನ ಪರದೆಯ ಮೇಲೆ ಸಿಗ್ನಲ್‌ಗಳ ಮೆರವಣಿಗೆಯೇ ಹೊರಟಿತ್ತು. ಏನೂ ಇಲ್ಲದ ಖಾಲಿ ರಸ್ತೆಯಲ್ಲಿ ಇದ್ದಕ್ಕಿದ್ದಂತೆ ಬ್ರೇಕ್ ಬೀಳುತ್ತದೆ ಎಂಬ ದೂರುಗಳು ಹೆಚ್ಚಿ, 2022ರಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ನಾಲ್ಕು ಲಕ್ಷಕ್ಕೂ ಹೆಚ್ಚು ಕಾರುಗಳ ಬಗ್ಗೆ ತನಿಖೆ ಶುರುಮಾಡಿತು. ನಮಗೆ ಕಾಣದ್ದು ಅದಕ್ಕೆ ಕಾಣುತ್ತದೆ ಎಂದು ಜಾಹೀರಾತಿನಲ್ಲಿ ಹೇಳಿದ್ದು ಸುಳ್ಳಲ್ಲ.

ಗಿರಾಕಿಗಳೂ ಏನು ಕಡಿಮೆಯಿಲ್ಲ. ಚಾಲಕ ಸ್ಟೀರಿಂಗ್ ಹಿಡಿದಿದ್ದಾನೆಯೇ ಎಂದು ಕಾರು ಆಗಾಗ ಪರೀಕ್ಷಿಸುತ್ತದಲ್ಲ, ಅದಕ್ಕೆ ಕೆಲವರು ಸ್ಟೀರಿಂಗಿನ ಸಂದಿಗೆ ಒಂದು ಕಿತ್ತಳೆ ಹಣ್ಣು ಸಿಕ್ಕಿಸಿದರು. ಕಾರಿಗೆ ಸಮಾಧಾನವಾಯಿತು. ಸಾವಿರಾರು ಡಾಲರಿನ ಕೃತಕ ಬುದ್ಧಿಮತ್ತೆಯೂ ಒಂದು ಕಿತ್ತಳೆಯೂ ಪರಸ್ಪರ ನಂಬಿಕೆಯಿಂದ ಹೆದ್ದಾರಿಯಲ್ಲಿ ಸಾಗಿದವು. ಹಣ್ಣು ಕೊಳೆಯುತ್ತದೆ ಎನ್ನುವವರಿಗಾಗಿ ಅಷ್ಟೇ ಭಾರದ ಒಂದು ಉಪಕರಣವೂ ಮಾರಾಟಕ್ಕೆ ಬಂತು. 2018ರಲ್ಲಿ ಅಮೆರಿಕದ ಸರ್ಕಾರವೇ ನಡುವೆ ಬಂದು ಅದರ ಮಾರಾಟ ನಿಲ್ಲಿಸಿ ಎನ್ನಬೇಕಾಯಿತು. ಒಂದು ಸೌಲಭ್ಯಕ್ಕೆ ಹಣ, ಅದನ್ನು ಏಮಾರಿಸುವ ಇನ್ನೊಂದಕ್ಕೆ ಮತ್ತೆ ಹಣ. ಈಗ ಹಲವು ಕಾರುಗಳಲ್ಲಿ ಕ್ಯಾಮೆರಾ ನಿಮ್ಮ ಕಣ್ಣನ್ನೇ ನೋಡುತ್ತಿರುತ್ತದೆ. ನೀವು ಕಾರನ್ನು ಕಾಯುತ್ತೀರಿ, ಕಾರು ನಿಮ್ಮನ್ನು ಕಾಯುತ್ತದೆ. ರಸ್ತೆಯನ್ನು ಯಾರು ನೋಡುತ್ತಾರೆ ಎಂದು ಮಾತ್ರ ಕೇಳಬೇಡಿ.

ಇಷ್ಟು ಹೊತ್ತು ತಡೆದುಕೊಂಡಿದ್ದೆ, ಇನ್ನು ಶಲ್ಯನನ್ನು ಕರೆಯಲೇಬೇಕು. ಕರ್ಣನಿಗೆ ಕೃಷ್ಣನಷ್ಟೇ ಸಮರ್ಥ ಸಾರಥಿ ಬೇಕಿತ್ತು, ಮದ್ರದೇಶದ ದೊರೆ ಸಿಕ್ಕಿದ. ಬಾಯಿಗೆ ಬಂದಂತೆ ಮಾತನಾಡುವ ಹಕ್ಕು ತನಗಿರಬೇಕೆಂಬ ಷರತ್ತಿನ ಮೇಲೆಯೇ ಆತ ರಥ ಹತ್ತಿದ್ದು. ನಮ್ಮ ಕಾರುಗಳೂ ಅದೇ ಷರತ್ತಿನ ಮೇಲೆ ಬರುತ್ತವೆ: ಗೆರೆ ದಾಟಿದೆ, ವೇಗ ಹೆಚ್ಚಾಯಿತು, ಆಕಳಿಸಿದೆ, ಅತ್ತ ನೋಡಿದೆ, ಕಾಫಿ ಕುಡಿದು ಬಾ. ಯುರೋಪಿಯನ್ ಒಕ್ಕೂಟದಲ್ಲಿ 2024ರ ಜುಲೈನಿಂದ ಪ್ರತಿ ಹೊಸ ಕಾರಿನಲ್ಲೂ ವೇಗಮಿತಿಯ ಎಚ್ಚರಿಕೆ ಕಡ್ಡಾಯ. ನೀವು ಅದರ ಬಾಯಿ ಮುಚ್ಚಿಸಿದರೆ ಮುಂದಿನ ಸಲ ಕಾರು ಶುರುಮಾಡಿದಾಗ ತಾನಾಗಿ ಮತ್ತೆ ಬಾಯಿ ತೆರೆಯುತ್ತದೆ. ಇರಲಿ, ಬೈಗುಳ ಸಹಿಸಬಹುದು. ಶಲ್ಯ ಮಾಡಿದ್ದು ಅಷ್ಟೇ ಅಲ್ಲವಲ್ಲ. ಯುದ್ಧ ಬಿಗಿಯಾದಾಗ ರಥದಿಂದ ಇಳಿದು ಹೊರಟುಹೋದ. ಹೂತುಹೋದ ಗಾಲಿಯನ್ನು ಕರ್ಣನೇ ಎತ್ತಬೇಕಾಯಿತು. ರಸ್ತೆಬದಿಯಲ್ಲಿ ನಿಂತಿದ್ದ ತುರ್ತು ಸೇವೆಯ ವಾಹನಗಳಿಗೆ ಟೆಸ್ಲಾ ಕಾರುಗಳು ಢಿಕ್ಕಿ ಹೊಡೆದ 16 ಪ್ರಕರಣಗಳನ್ನು ಅದೇ ಸುರಕ್ಷತಾ ಸಂಸ್ಥೆ ಪರಿಶೀಲಿಸಿ 2022ರಲ್ಲಿ ವರದಿ ಕೊಟ್ಟಿತು. ಸರಾಸರಿ ನೋಡಿದರೆ, ಢಿಕ್ಕಿಗೆ ಒಂದು ಸೆಕೆಂಡಿಗಿಂತ ಕಡಿಮೆ ಸಮಯ ಉಳಿದಿದ್ದಾಗ ಆಟೋಪೈಲಟ್ ಎಂಬ ಅದರ ನೆರವಿನ ವ್ಯವಸ್ಥೆ ಚಾಲನೆಯನ್ನು ಕೈಬಿಟ್ಟಿತ್ತು. ಹಾಗೆ ಇಳಿದುಹೋದ ಶಲ್ಯನಾದರೂ ಸಂಬಳ ಕೇಳಿರಲಿಲ್ಲ.

2025ರ ಫೆಬ್ರುವರಿಯಲ್ಲಿ ಚೀನಾದ ಬಿವೈಡಿ ಕಂಪನಿ ‘ದೇವರ ಕಣ್ಣು’ ಎಂಬ ನೆರವಿನ ವ್ಯವಸ್ಥೆಯನ್ನು ತನ್ನ 69,800 ಯುವಾನಿನ ಪುಟ್ಟ ಕಾರಿಗೂ ಹೆಚ್ಚುವರಿ ಹಣವಿಲ್ಲದೆ ಕೊಡುವುದಾಗಿ ಘೋಷಿಸಿತು. ದೇವರ ಕಣ್ಣು ಬಿಟ್ಟಿ ಸಿಕ್ಕರೆ ಯಾರು ಬೇಡವೆನ್ನುತ್ತಾರೆ? ಮರುತಿಂಗಳ 29ರ ರಾತ್ರಿ, ಆನ್‌ಹುಯಿ ಪ್ರಾಂತ್ಯದ ಹೆದ್ದಾರಿಯಲ್ಲಿ ಬೇರೆ ಕಂಪನಿಯ ಕಾರೊಂದು, ಶಿಯೋಮಿಯ ಎಸ್‌ಯು7, ನೆರವಿನ ವ್ಯವಸ್ಥೆಯಲ್ಲಿ ಗಂಟೆಗೆ 116 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿತ್ತು. ಮುಂದೆ ರಸ್ತೆ ಕಾಮಗಾರಿ. ಕಾರು ಎಚ್ಚರಿಸಿತು, ಚಾಲಕಿ ಸ್ಟೀರಿಂಗ್ ಹಿಡಿದರು, ಕೆಲವೇ ಸೆಕೆಂಡುಗಳಲ್ಲಿ ಸುಮಾರು 97 ಕಿಲೋಮೀಟರ್ ವೇಗದಲ್ಲಿ ಕಾಂಕ್ರೀಟ್ ತಡೆಗೋಡೆಗೆ ಬಡಿಯಿತು. ಇದು ಕಂಪನಿಯೇ ಹೊರಗಿಟ್ಟ ಲೆಕ್ಕ. ಸತ್ತ ಮೂವರೂ ವಿದ್ಯಾರ್ಥಿನಿಯರು. ಇದರ ಬಗ್ಗೆ ಜೋಕು ಮಾಡಲು ನನಗೆ ಆಗುವುದಿಲ್ಲ. ಅಷ್ಟು ವೇಗದಲ್ಲಿ, ಅಷ್ಟು ಹೊತ್ತು ಸುಮ್ಮನೆ ಕೂತಿದ್ದ ಮನುಷ್ಯರಿಗೆ ಎರಡು ಉಸಿರಿನಷ್ಟು ಸಮಯ ಕೊಟ್ಟು, ಎಚ್ಚರಿಕೆ ಕೊಟ್ಟಿದ್ದೆವಲ್ಲ ಎಂದು ದಾಖಲೆಯಲ್ಲಿ ಬರೆದುಕೊಳ್ಳುವುದಕ್ಕೆ ನೆರವು ಎಂದು ಯಾರೂ ಕರೆಯಬಾರದು. ಏಪ್ರಿಲ್‌ನಲ್ಲಿ ಅಲ್ಲಿನ ಕೈಗಾರಿಕಾ ಸಚಿವಾಲಯ ಕಂಪನಿಗಳನ್ನು ಕರೆಸಿ, ಜಾಹೀರಾತಿನಲ್ಲಿ ಉತ್ಪ್ರೇಕ್ಷೆ ನಿಲ್ಲಿಸಿ ಎಂದು ತಾಕೀತು ಮಾಡಿತು. ಹೆಣ ಬಿದ್ದ ಮೇಲೆ ವ್ಯಾಕರಣ ತಿದ್ದುವುದು ಎಲ್ಲ ಸರ್ಕಾರಗಳಿಗೂ ಬರುವ ವಿದ್ಯೆ.

ಹಾಗಾದರೆ ಎಲ್ಲವೂ ದಂಡವೇ? ಅಲ್ಲ, ಸಿಟ್ಟು ಬರುವುದೇ ಅದಕ್ಕೆ. ಮುಂದಿನ ವಾಹನಕ್ಕೆ ಗುದ್ದುವ ಮೊದಲು ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ ನಿಜಕ್ಕೂ ಜೀವ ಉಳಿಸುತ್ತದೆ. ಅಮೆರಿಕದ ವಿಮಾ ಕಂಪನಿಗಳು ನಡೆಸುವ ಐಐಎಚ್‌ಎಸ್ ಸಂಸ್ಥೆಯ ಲೆಕ್ಕದಲ್ಲಿ, ಮುಂದಿನ ವಾಹನಕ್ಕೆ ಹಿಂದಿನಿಂದ ಗುದ್ದುವ ಅಪಘಾತಗಳು ಅದರಿಂದ ಅರ್ಧದಷ್ಟು ಕಡಿಮೆಯಾಗಿವೆ. ಅದು ಮಾತನಾಡುವುದಿಲ್ಲ, ಚಂದ್ರನನ್ನು ನೋಡಿ ಮೈಮರೆಯುವುದಿಲ್ಲ, ಅನೇಕ ಕಾರುಗಳಲ್ಲಿ ಬೆಲೆಯೊಳಗೇ ಸೇರಿಬಂದಿರುತ್ತದೆ. ಕಣ್ಣಿಗೆ ಬೀಳದ ಮೂಲೆಯ ವಾಹನವನ್ನು ತೋರಿಸುವ ದೀಪವೂ ಅಷ್ಟೇ ಉಪಕಾರಿ. ಅದೇ ಸಂಸ್ಥೆ 2024ರಲ್ಲಿ ಅರೆಸ್ವಯಂಚಾಲನೆಯ 14 ವ್ಯವಸ್ಥೆಗಳನ್ನು ಚಾಲಕನ ಗಮನವನ್ನು ಎಷ್ಟು ಕಾಪಾಡುತ್ತವೆ ಎಂದು ಪರೀಕ್ಷಿಸಿದಾಗ 11 ಕಳಪೆ ಅಂಕ ಪಡೆದವು, ಪರವಾಗಿಲ್ಲ ಎನಿಸಿಕೊಂಡದ್ದು ಒಂದು. ಅವುಗಳಿಂದ ಅಪಘಾತ ತಗ್ಗುತ್ತದೆ ಎನ್ನಲು ಗಟ್ಟಿ ಪುರಾವೆಯೂ ಅದಕ್ಕೆ ಸಿಗಲಿಲ್ಲ. ಆದರೆ ಜೀವ ಉಳಿಸುವ ಬ್ರೇಕಿನ ಜಾಹೀರಾತು ಎಲ್ಲಾದರೂ ನೋಡಿದ್ದೀರಾ? ಜಾಹೀರಾತಿನಲ್ಲಿರುವವರೆಲ್ಲ ಕೈಕಟ್ಟಿ ಕೂತು ಸೂರ್ಯಾಸ್ತ ನೋಡುವವರೇ.

ಒಂದು ಅಪವಾದವಿತ್ತು, ಹೇಳದಿದ್ದರೆ ತಪ್ಪಾಗುತ್ತದೆ. ಮರ್ಸಿಡಿಸ್ ತನ್ನ ವಿದ್ಯುತ್ ಕಾರು ಇಕ್ಯೂಎಸ್‌ನಲ್ಲಿ ಮೂರನೆಯ ಮೆಟ್ಟಿಲಿನ ವ್ಯವಸ್ಥೆಯನ್ನು 2022ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ತಂದಿತು. ಅದು ಓಡುತ್ತಿರುವಾಗ ನೀವು ರಸ್ತೆಯಿಂದ ಕಣ್ಣು ತೆಗೆಯಬಹುದಿತ್ತು. ಮೊದಲು ಗಂಟೆಗೆ 60 ಕಿಲೋಮೀಟರ್, ಆಮೇಲೆ 95. ಅದೂ ಹೆದ್ದಾರಿ ಆಗಬೇಕಿತ್ತು, ಹವೆ ಚೆನ್ನಾಗಿರಬೇಕಿತ್ತು, ಎದುರಿಗೆ ಹಿಂಬಾಲಿಸಲು ಒಂದು ವಾಹನವಿರಬೇಕಿತ್ತು. ಯಂತ್ರ ತಪ್ಪಿದರೆ ಉತ್ತರ ತನ್ನದೂ ಹೌದು ಎಂದು ಒಪ್ಪಿದ ಕಂಪನಿ ಹಾಕಿಕೊಂಡ ಷರತ್ತುಗಳಿವು. ಉತ್ತರ ಕೊಡಬೇಕಾದವನು ಎಷ್ಟು ನಿಧಾನವಾಗಿ ಹೋಗುತ್ತಾನೆ ನೋಡಿ. ಉಳಿದವರಿಗೆ ಯಾವ ವೇಗಕ್ಕೂ ಅಂಜಿಕೆಯಿಲ್ಲ, ಯಾವ ತಿರುವೂ ಕಷ್ಟವಲ್ಲ. ಶೋರೂಮಿನಲ್ಲಿ ಹಣ ಎಣಿಸುವ ಮೊದಲು ಮಾರುವವನನ್ನು ಒಂದೇ ಪ್ರಶ್ನೆ ಕೇಳಿ: ಗುದ್ದಿದರೆ ರಿಪೇರಿ ಯಾರ ಖರ್ಚು? ಆತ ನಿಮ್ಮ ವಿಮಾ ಕಂಪನಿಯ ಹೆಸರು ಹೇಳಿದರೆ, ಬ್ರೇಕ್ ಇರುವ ಮಾದರಿಯನ್ನು ಕೊಡಿ ಎಂದು ಹೇಳಿ ಮುಂದಿನ ಪುಟ ತಿರುಗಿಸಿ.